ಪೆರೋನಿ ವ್ಯಾಧಿಯ ಶಸ್ತ್ರಚಿಕಿತ್ಸೆ: ಒಂದು ಐತಿಹಾಸಿಕ ಸಮೀಕ್ಷೆ

ನಡುವಯಸ್ಸನ್ನು ದಾಟಿದ ಕೆಲವು ಪುರುಷರಲ್ಲಿ ಶಿಶ್ನದೊಳಗೆ ನಾರಿನ ಗಂಟು ಬೆಳೆದು, ಉದ್ರೇಕಕಾಲದಲ್ಲಿ ಅಂಗವು ಬಾಗುವುದುಂಟು. ಫ್ರಾನ್ಸಿನ ಹದಿನೈದನೆಯ ಲೂಯಿ ದೊರೆಯ ಶಸ್ತ್ರವೈದ್ಯನಾಗಿದ್ದ ಫ್ರಾನ್ಸ್ವಾ ದ ಲಾ ಪೆರೋನಿ (1678–1747) ಈ ವ್ಯಾಧಿಯನ್ನು 1743ರಲ್ಲಿ ವಿವರಿಸಿದನು. ಅವನ ಹೆಸರೇ ಅದಕ್ಕೆ ನಿಂತಿತು. ಶಸ್ತ್ರವೈದ್ಯನಾಗಿದ್ದರೂ ಅವನು ಸೂಚಿಸಿದ್ದು ಶಸ್ತ್ರವನ್ನಲ್ಲ, ಪಿರೆನೀಸ್ ಪರ್ವತಪ್ರದೇಶದ ಬಾರೇಜಿನ ಖನಿಜಜಲವನ್ನು.

ಬಾಗುವಿಕೆಯ ಕಾರಣವು ಸರಳವಾದುದು. ರಕ್ತ ತುಂಬಿ ಹಿಗ್ಗುವ ಭಾಗಗಳನ್ನು ಆವರಿಸಿರುವ ಬಿಗಿಯಾದ ಪೊರೆಯಲ್ಲಿ ಗಾಯದ ಕಲೆ ಉಂಟಾದರೆ ಆ ಭಾಗವು ಹಿಗ್ಗದು. ಎದುರು ಬದಿಯು ಹಿಗ್ಗುತ್ತದೆ. ಅಂಗವು ಕಲೆಯ ಕಡೆಗೆ ಬಾಗುತ್ತದೆ.

ಆದುದರಿಂದ ಗಂಟನ್ನೇ ಕತ್ತರಿಸಿ ತೆಗೆಯಬೇಕೆಂಬ ವಿಚಾರವು ಮೊದಲು ಮೂಡಿದುದು ಸಹಜವೇ. 1950ರಲ್ಲಿ ಲೌಸ್ಲಿ ಮತ್ತು ಬಾಯ್ಸ್ ಗಂಟನ್ನು ತೆಗೆದ ಸ್ಥಳದಲ್ಲಿ ಕೊಬ್ಬಿನ ಕಸಿಯನ್ನು ಇಟ್ಟರು. 1974ರಲ್ಲಿ ಡಿವೈನ್ ಮತ್ತು ಹಾರ್ಟನ್ ಚರ್ಮದ ಒಳಪದರವನ್ನು ಬಳಸಿದರು. ಆದರೆ ಕಸಿಯು ಮುದುಡಿದರೆ ವಕ್ರತೆ ಮರುಕಳಿಸುತ್ತಿತ್ತು. ಕೆಲವರಲ್ಲಿ ನಿಮಿರುವ ಶಕ್ತಿಯೇ ಕುಂದುತ್ತಿತ್ತು.

ಹೊಸ ದಾರಿಯು ಬೇರೊಂದು ಕಡೆಯಿಂದ ಬಂದಿತು. ಅಮೆರಿಕದ ರೀಡ್ ನೆಸ್ಬಿಟ್ 1965ರಲ್ಲಿ, ಹುಟ್ಟಿನಿಂದಲೇ ವಕ್ರತೆಯಿದ್ದ ಮೂವರಲ್ಲಿ, ಉಬ್ಬಿದ ಬದಿಯ ಪೊರೆಯಿಂದ ಕಿರುತುಣುಕುಗಳನ್ನು ತೆಗೆದು ಅಂಚುಗಳನ್ನು ಹೊಲಿದನು. ಉದ್ದವಾದ ಬದಿಯನ್ನು ಗಿಡ್ಡಬದಿಗೆ ಸಮಮಾಡುವುದೇ ಇದರ ತತ್ತ್ವ. 1974ರಲ್ಲಿ ಗಿಟ್ಟೆಸ್ ಮತ್ತು ಮೆಕ್ಲಾಫ್ಲಿನ್ ಲವಣದ್ರಾವಣವನ್ನು ತುಂಬಿ ಕೃತಕ ಉದ್ರೇಕವನ್ನು ಉಂಟುಮಾಡುವ ವಿಧಾನವನ್ನು ವಿವರಿಸಿದರು. ವಕ್ರತೆಯನ್ನು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಕಂಡು ಸರಿಪಡಿಸಲು ಅನುಕೂಲವಾಯಿತು. 1979ರಲ್ಲಿ ಪ್ರಯರ್ ಮತ್ತು ಫಿಟ್ಜ್‌ಪ್ಯಾಟ್ರಿಕ್ ನೆಸ್ಬಿಟ್ಟನ ಕ್ರಮವನ್ನು ಪೆರೋನಿ ವ್ಯಾಧಿಗೆ ಅನ್ವಯಿಸಿದರು. ಇಲ್ಲಿ ಗಂಟು ಹಾಗೆಯೇ ಉಳಿಯಿತು, ವಕ್ರತೆ ಹೋಯಿತು.

ಆದರೆ ಇದಕ್ಕೂ ಬೆಲೆಯುಂಟು. ವ್ಯಾಧಿಯಿಂದಲೇ ಕುಗ್ಗಿದ ಅಂಗವು ಇನ್ನಷ್ಟು ಗಿಡ್ಡವಾಗುತ್ತದೆ. ಆದುದರಿಂದ ತೀವ್ರ ವಕ್ರತೆಗೆ ಗಂಟನ್ನು ತೆಗೆಯದೆ ಸೀಳಿ, ಕಾಲಿನ ಸಿರೆಯ ತೇಪೆ ಹಾಕುವ ಕ್ರಮವೂ 1990ರ ದಶಕದಲ್ಲಿ ಪ್ರಚಾರಕ್ಕೆ ಬಂದಿತು. ನಿಮಿರುವ ಶಕ್ತಿಯನ್ನು ಕಳೆದುಕೊಂಡವರಿಗೆ ಕೃತಕ ಆಧಾರದಂಡಗಳನ್ನು ಒಳಗಿರಿಸುವುದುಂಟು. ಯಾವ ಕ್ರಮವಾದರೂ ನೋವು ಅಡಗಿ, ಬಾಗು ಕೆಲವು ತಿಂಗಳು ಬದಲಾಗದೆ ನಿಂತ ಮೇಲೆಯೇ ಯುಕ್ತ.

ಈ ಚರಿತ್ರೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಂದು ಕ್ರಮದಲ್ಲಿ ಉದ್ದಕ್ಕೆ ನಷ್ಟ, ಇನ್ನೊಂದರಲ್ಲಿ ಶಕ್ತಿಗೆ ಅಪಾಯ. ಏನನ್ನು ಬಿಟ್ಟು ಏನನ್ನು ಉಳಿಸಿಕೊಳ್ಳಬೇಕೆಂಬುದನ್ನು ವೈದ್ಯನೊಬ್ಬನೇ ನಿರ್ಣಯಿಸಲಾರನು. ಲಜ್ಜೆಯಿಂದ ಬಹುಕಾಲ ಮೌನವಾಗಿದ್ದು ಬಂದ ರೋಗಿಗೆ ಈ ಲಾಭನಷ್ಟಗಳನ್ನು ಮೊದಲೇ ತಿಳಿಯಹೇಳುವುದು ಚಿಕಿತ್ಸೆಯ ಪ್ರಥಮ ಅಂಗವೆನ್ನಬೇಕು.