ಆಂಟಿಗ್ಲೇರ್ ಕನ್ನಡಕ: ಕೊಟ್ಟ ರೊಕ್ಕಕ್ಕೆ ಬೆಲೆ ಇದೆಯೇ?

ಸಂಜೆ ಹೊತ್ತು ವಿಜಯಪುರದಿಂದ ತೊರವಿ ಕಡೆ ಬೈಕ್ ತಿರುಗಿಸಿದರೆ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ. ಊರು ನಗರದ ಪಶ್ಚಿಮಕ್ಕಿದೆ, ಟಿಕೋಟಾ ದಾರಿಯೂ ಅತ್ತಲೇ. ಕನ್ನಡಕದ ಅಂಗಡಿಯಲ್ಲಿ ಈ ತೊಂದರೆ ಹೇಳಿಕೊಂಡರೆ ಸಾಮಾನ್ಯವಾಗಿ ಸಿಗುವ ಸಲಹೆ: "ಆಂಟಿಗ್ಲೇರ್ ಹಾಕಿಸ್ರಿ, ರೊಕ್ಕ ಸ್ವಲ್ಪ ಜಾಸ್ತಿ ಆಗ್ತದ." ಕೊಡಬೇಕೋ ಬೇಡವೋ? ಈ ಲೇಪನ ಯಾಕೆ ಹುಟ್ಟಿತು ಎಂಬುದು ತಿಳಿದರೆ ಉತ್ತರ ಕಷ್ಟವಲ್ಲ.

ಕನ್ನಡಕ ನಮ್ಮ ನಾಡಿಗೆ ಹೊಸದಲ್ಲ. 16ನೇ ಶತಮಾನದ ವಿಜಯನಗರದಲ್ಲಿ ವ್ಯಾಸರಾಯರು ಓದಲು ಕನ್ನಡಕ ಬಳಸುತ್ತಿದ್ದರು ಎಂಬುದನ್ನು ಸೋಮನಾಥ ಕವಿ ಬರೆದ ಅವರ ಚರಿತ್ರೆಯ ಆಧಾರದಿಂದ ವಿದ್ವಾಂಸ ಪಿ.ಕೆ. ಗೋಡೆ ತೋರಿಸಿದ್ದಾರೆ. ಲೇಪನ ಬಂದದ್ದು ಅದಾಗಿ ಶತಮಾನಗಳ ಮೇಲೆ.

ಬರಿಯ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 4% ಹಿಂದಕ್ಕೆ ತಳ್ಳುತ್ತದೆ. ಎರಡೂ ಮೈ ಸೇರಿ 8% ನಷ್ಟ. ಹಳತಾಗಿ ಮಂಕಾದ ಗಾಜು ಹೊಸ ಗಾಜಿಗಿಂತ ಹೆಚ್ಚು ಬೆಳಕು ಬಿಡುತ್ತದೆ ಎಂಬ ವಿಚಿತ್ರವನ್ನು 1886ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಗಮನಿಸಿದರು. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ನಿರ್ವಾತದಲ್ಲಿ ತೆಳುಪದರ ಕೂರಿಸುವ ವಿಧಾನ ಕಂಡುಹಿಡಿದರು. ಯುದ್ಧಕಾಲದಲ್ಲಿ ಅದು ದುರ್ಬೀನುಗಳ ಗುಟ್ಟಾಯಿತು.

1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಕ್ಯಾಥರೀನ್ ಬ್ಲಾಡ್ಜೆಟ್ 44 ಅಣುಪದರಗಳನ್ನು ಒಂದರ ಮೇಲೊಂದು ಕೂರಿಸಿ "ಕಾಣದ ಗಾಜು" ಮಾಡಿದರು. ಪದರದ ದಪ್ಪ ಬೆಳಕಿನ ಅಲೆಯ ಕಾಲುಭಾಗ. ಅದರ ಮೇಲ್ಮೈ, ಕೆಳಮೈಗಳಿಂದ ಮರಳುವ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಈಕೆ. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಹುಡುಗಿಯರಿಗೆ ಗೊತ್ತಿರಬೇಕಾದ ಹೆಸರು. ಆಕೆಯ ಪದರ ಮೆತ್ತಗಿತ್ತು, ಒರೆಸಿದರೆ ಹೋಗುತ್ತಿತ್ತು. ಇಂದಿನ ಗಟ್ಟಿ ಲೇಪನಗಳು ನಿರ್ವಾತದ ದಾರಿಯವು. ಅಮೆರಿಕದಲ್ಲಿ ಪಿನ್‌ಬಾಲ್ ಆಟದ ಪೆಟ್ಟಿಗೆಯ ಗಾಜಿಗೂ ಇಂಥ ಲೇಪನ ಹಾಕಿ ದುಬಾರಿ ಬೆಲೆಗೆ ಮಾರುತ್ತಾರೆ. ಮೇಲಿನ ದೀಪದ ಬಿಂಬ ಚೆಂಡನ್ನು ಮರೆಮಾಡಬಾರದಲ್ಲ.

ಈ ಇತಿಹಾಸದ ಉದ್ದಕ್ಕೂ ಒಂದೇ ಗುರಿ: ಬೆಳಕನ್ನು ತಡೆಯುವುದಲ್ಲ, ಹೆಚ್ಚು ಒಳಗೆ ಬಿಡುವುದು. ಹಾಗಾಗಿ ತೊರವಿ ದಾರಿಯ ಸಂಜೆಸೂರ್ಯನಿಗೆ ಇದು ಮದ್ದಲ್ಲ. ಅದಕ್ಕೆ ಬೇಕಾದದ್ದು ಬಣ್ಣದ ಗಾಜು, ಇಲ್ಲವೇ ಟೋಪಿಯ ಅಂಚು. "ಬ್ಲೂ ಕಟ್" ಎಂದು ಇನ್ನಷ್ಟು ಕೇಳಿದರೆ ಕೊಡುವ ಅಗತ್ಯವಿಲ್ಲ: 17 ಪ್ರಯೋಗಗಳನ್ನು ಪರಿಶೀಲಿಸಿದ 2023ರ ಕಾಕ್ರೇನ್ ವರದಿಯ ಪ್ರಕಾರ ಅದರಿಂದ ಕಂಪ್ಯೂಟರ್ ನೋಡುವವರ ಕಣ್ಣಿನ ದಣಿವು ಕಡಿಮೆಯಾಗುವ ಸಾಧ್ಯತೆ ಕಾಣುವುದಿಲ್ಲ.

ಹಾಗಾದರೆ ಯಾರಿಗೆ ಬೇಕು? ರಾತ್ರಿ ಗಾಡಿ ಓಡಿಸುವವರಿಗೆ, ಬೆನ್ನ ಹಿಂದಿನ ಟ್ಯೂಬ್‌ಲೈಟ್ ಕನ್ನಡಕದಲ್ಲೇ ಮೂಡಿ ಓದಿಗೆ ಅಡ್ಡಬರುವವರಿಗೆ, ಹೆಚ್ಚು ಪವರ್‌ಗೆಂದು ತೆಳು ಗಾಜು ಕೊಳ್ಳುವವರಿಗೆ. 1.67 ವಕ್ರೀಭವನಾಂಕದ ತೆಳು ಗಾಜಿನಲ್ಲಿ ಲೇಪನವಿಲ್ಲದಿದ್ದರೆ ನಷ್ಟ 12%ರ ಹತ್ತಿರ ಹೋಗುತ್ತದೆ. ಮನೆಯಲ್ಲಿ ಪೇಪರ್ ಓದಲಷ್ಟೇ ಕನ್ನಡಕ ಹಾಕುವ ಅಜ್ಜನಿಗೆ ಸಾದಾ ಗಾಜು ಸಾಕು.

ರೊಕ್ಕ ಕೊಡುವ ಮುನ್ನ ಗಾಜನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ. ದೀಪದ ಬಿಂಬ ಮಂದವಾಗಿ ಹಸಿರು ಅಥವಾ ನೇರಳೆಯಾಗಿ ಕಂಡರೆ ಲೇಪನವಿದೆ. ಬೆಳ್ಳಗೆ ಹೊಳೆದರೆ ಇಲ್ಲ. ಕೊಂಡ ಮೇಲೆ ನಮ್ಮ ಕಡೆಯ ಧೂಳನ್ನು ಒಣಬಟ್ಟೆಯಿಂದ ಒರೆಸಬೇಡಿ, ಮೊದಲು ನೀರಲ್ಲಿ ತೊಳೆಯಿರಿ.