ಕರವೀರದಿಂದ ಆರ್ನೋ ತೀರಕ್ಕೆ

ಕೊಲ್ಹಾಪುರ ಸೀಮೆಯ ಆಜರೆಯ ಮಗ್ಗುಲಲ್ಲಿ ಹರಿಯತಕ್ಕ ಹಿರಣ್ಯಕೇಶಿಯು ಅಂಬೋಲಿಯ ಘಟ್ಟದ ನೆತ್ತಿಯಲ್ಲಿ ಹುಟ್ಟಿ, ಪಡುವಣ ಕಡಲು ಅಷ್ಟು ಸಮೀಪದಲ್ಲಿದ್ದರೂ ಅದಕ್ಕೆ ವಿಮುಖವಾಗಿ ಮೂಡಣಕ್ಕೆ ತಿರುಗಿ, ಗಡಹಿಂಗ್ಲಜ ಸಂಕೇಶ್ವರಗಳ ಬಯಲನ್ನು ತೋಯಿಸುತ್ತ ಹೋಗಿ ಘಟಪ್ರಭೆಯಲ್ಲಿ ಲೀನವಾಗುತ್ತದೆ. ಈ ಸೀಮೆಯ ಜನರ ದೃಷ್ಟಿಯಾದರೋ ಎರಡು ದಿಕ್ಕಿಗೂ ಹರಿದಿತ್ತು. ಶಿಲಾಹಾರರ ಇಮ್ಮಡಿ ಭೋಜನ ಕಾಲದಲ್ಲಿ, 1205ರಲ್ಲಿ, ಸೋಮದೇವನೆಂಬ ಜೈನ ವಿದ್ವಾಂಸನು ಇಲ್ಲಿಯ ಜಿನಾಲಯದಲ್ಲಿ ಕುಳಿತು ‘ಶಬ್ದಾರ್ಣವಚಂದ್ರಿಕೆ’ಯೆಂಬ ವ್ಯಾಕರಣವೃತ್ತಿಯನ್ನು ರಚಿಸಿದನು. ಆಜರೆಯ ವಿದ್ಯೆಯ ನಂಟು ಹೀಗೆ ಮೂಡಣ ನಾಡಿನೊಡನೆ ಬೆಳೆದರೆ, ವ್ಯಾಪಾರದ ನಂಟು ಘಟ್ಟವನ್ನಿಳಿದು ವೆಂಗುರ್ಲೆಯ ಬಂದರಿನೊಡನೆ ಬೆಳೆಯಿತು. ಆದುದರಿಂದ ಸಮುದ್ರವೆಂಬುದು ಈ ಕಡೆಯವರಿಗೆ ಕೇವಲ ಪುರಾಣಶ್ರವಣದ ವಸ್ತುವಾಗಿರಲಿಲ್ಲ. ಆದರೆ ಬಂದರಿನವರೆಗೆ ಹೋಗಿ ಬರುವುದು ಒಂದು, ಬಂದರನ್ನು ಬಿಟ್ಟು ಮುಂದೆ ಹೋಗುವುದು ಮತ್ತೊಂದು.

ಇಂದು ಕೊಲ್ಹಾಪುರದಲ್ಲಿಯೋ ಇಚಲಕರಂಜಿಯಲ್ಲಿಯೋ ಗಡಹಿಂಗ್ಲಜದಲ್ಲಿಯೋ ಇರುವ ಕುಟುಂಬವೊಂದು ಮೊದಲ ಬಾರಿಗೆ ಇಟಲಿಯ ಪ್ರವಾಸವನ್ನು ಯೋಜಿಸುವಾಗ ವೆನಿಸ್, ಫ್ಲಾರೆನ್ಸ್, ರೋಮ್, ನೇಪಲ್ಸ್ ಎಂಬ ನಾಲ್ಕು ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಕೊನೆಯಲ್ಲಿ ಎರಡು ದಿನಗಳನ್ನು ಕಡಲತೀರಕ್ಕೆಂದು ಮೀಸಲಿಡುವುದು ವಾಡಿಕೆಯಾಗಿದೆ. ಈ ಯೋಜನೆಯಲ್ಲಿ ದೋಷವೇನೂ ಇಲ್ಲ. ಆದರೆ ತಮಗಿಂತ ಮೊದಲು ತಮ್ಮ ನಾಡಿನವರೇ ಆ ಭೂಮಿಯಲ್ಲಿ ನಡೆದಾಡಿದ್ದಾರೆ, ಅವರಲ್ಲಿ ಹಲವರು ಅಲ್ಲಿಯೇ ಬೂದಿಯಾಗಿದ್ದಾರೆ ಎಂಬ ಸಂಗತಿಯನ್ನು ಅರಿಯದೆ ಹೋಗಿ ಬರುವವರನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ.

ಕರವೀರದ, ಎಂದರೆ ಕೊಲ್ಹಾಪುರದ, ಛತ್ರಪತಿಗಳ ಸಿಂಹಾಸನವು 1866ರಲ್ಲಿ ತೆರವಾದಾಗ, ದಿವಂಗತ ಅರಸನ ಸೋದರಿಯ ಮಗನಾದ ಬಾಲಕನೊಬ್ಬನನ್ನು ದತ್ತಕ್ಕೆ ತೆಗೆದುಕೊಂಡು ರಾಜಾರಾಮನೆಂಬ ಹೆಸರಿನಿಂದ ಪಟ್ಟಕ್ಕೆ ತಂದರು. ಹುಡುಗನಿಗೆ ಜಮ್ಶೇಟ್‌ಜಿ ಉನ್ವಾಲಾ ಎಂಬ ಪಾರಸೀ ವಿದ್ವಾಂಸರು ಗುರುಗಳಾಗಿದ್ದರು. ಅವರ ಶಿಕ್ಷಣದಿಂದ ಆತನು ಇಂಗ್ಲಿಷಿನಲ್ಲಿ ನಿರರ್ಗಳನಾದನು, ಓದಿನಲ್ಲಿ ಆಸಕ್ತನಾದನು, ತಾನು ಓದಿದ ದೇಶಗಳನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವನ್ನು ಬೆಳೆಸಿಕೊಂಡನು. ಇಪ್ಪತ್ತರ ವಯಸ್ಸಿನಲ್ಲಿ, 1870ರ ಬೇಸಿಗೆಯಲ್ಲಿ, ಆತನು ಮುಂಬಯಿಯಲ್ಲಿ ಹಡಗನ್ನೇರಿದನು. ಆಳುತ್ತಿದ್ದ ಹಿಂದೂ ಅರಸರಲ್ಲಿ ಸಾಗರವನ್ನು ದಾಟಿ ಯುರೋಪಿಗೆ ಹೋದ ಮೊದಲಿಗರ ಸಾಲಿನಲ್ಲಿ ಆತನ ಹೆಸರು ನಿಲ್ಲುತ್ತದೆ.

ಆ ಯಾತ್ರೆಯ ಸಿದ್ಧತೆ ಎಂತಹುದೆಂಬುದನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ಕೊಲ್ಹಾಪುರಕ್ಕೆ ಆಗ ರೈಲು ಬಂದಿರಲಿಲ್ಲ; ಮೀರಜದಿಂದ ಕೊಲ್ಹಾಪುರಕ್ಕೆ ಹಳಿ ಬಂದದ್ದು 1891ರಲ್ಲಿ. ಪುಣೆಯವರೆಗೂ ರಸ್ತೆಯ ಪಯಣ, ಅಲ್ಲಿಂದ ಬೋರಘಾಟದ ರೈಲು, ಅನಂತರ ಹಡಗು. ಆದರೆ ದಾರಿಯ ದೂರಕ್ಕಿಂತ ದೊಡ್ಡ ಪ್ರಶ್ನೆ ಅಡುಗೆಮನೆಯದು. ಸಮುದ್ರಯಾನವು ಕಲಿವರ್ಜ್ಯಗಳಲ್ಲಿ ಒಂದೆಂದು ಎಣಿಸುತ್ತಿದ್ದ ಕಾಲದಲ್ಲಿ, ಅದೂ ಶಿವಛತ್ರಪತಿಯ ವಂಶದ ಉತ್ತರಾಧಿಕಾರಿಯೊಬ್ಬನು, ಪ್ರಜೆಗಳ ಮನಸ್ಸು ನೋಯದಂತೆ, ತಿರುಗಿ ಬಂದ ಮೇಲೆ ಪಂಕ್ತಿಯಲ್ಲಿ ತನಗೆ ತಡೆಯಾಗದಂತೆ ಹೋಗಿ ಬರಬೇಕಾದರೆ ಯಾರು ಬೇಯಿಸಬೇಕು, ಎಲ್ಲಿ ಬೇಯಿಸಬೇಕು, ನೀರನ್ನು ಯಾರು ಮುಟ್ಟಬೇಕು ಎಂಬ ಪ್ರಶ್ನೆಗಳೆಲ್ಲ ರಾಜಕಾರಣದ ಪ್ರಶ್ನೆಗಳೇ ಆಗಿದ್ದವು. ಆದುದರಿಂದ ಆತನ ಪರಿವಾರದಲ್ಲಿ ಗುರುಗಳಾದ ಉನ್ವಾಲಾ, ಸರಕಾರದ ಪರವಾಗಿ ಕ್ಯಾಪ್ಟನ್ ಎಡ್ವರ್ಡ್ ವೆಸ್ಟ್ ಇವರೊಡನೆ ಸ್ವಜನರಾದ ಸೇವಕರೂ ಅಡುಗೆಯವರೂ ಹೊರಟರು. ನಗರಗಳ ಪಟ್ಟಿಗಿಂತ ಮೊದಲು ಒಲೆಯ ವ್ಯವಸ್ಥೆ: ಇದು ಆ ಯೋಜನೆಯ ಕ್ರಮ. ಇದನ್ನು ಅಂಧಶ್ರದ್ಧೆಯೆಂದು ಎಣಿಸುವುದು ಅನ್ಯಾಯವೆಂದು ನನ್ನ ಅಭಿಪ್ರಾಯ. ಹಳೆಯ ಲೋಕದ ಅನುಮತಿಯನ್ನು ಕಳೆದುಕೊಳ್ಳದೆ ಹೊಸ ಲೋಕವನ್ನು ಕಾಣಲು ತರುಣನೊಬ್ಬನು ಮಾಡಿದ ಗಂಭೀರ ಪ್ರಯತ್ನವದು.

ಇಂಗ್ಲೆಂಡಿನಲ್ಲಿ ಆತನು ಕೆಲವು ತಿಂಗಳು ಕಳೆದನು. ವಿಕ್ಟೋರಿಯಾ ರಾಣಿಯ ಭೇಟಿ, ಪಾರ್ಲಿಮೆಂಟಿನ ಕಲಾಪ, ವಿಶ್ವವಿದ್ಯಾಲಯಗಳು, ಕಾರ್ಖಾನೆಗಳು, ನಾಟಕಶಾಲೆಗಳು ಎಲ್ಲವನ್ನೂ ಕಂಡು, ಕಂಡುದನ್ನು ದಿನದಿನವೂ ಇಂಗ್ಲಿಷಿನಲ್ಲಿ ದಿನಚರಿಯಾಗಿ ಬರೆದಿಟ್ಟನು. ಆತನ ಮರಣಾನಂತರ, 1872ರಲ್ಲಿ, ವೆಸ್ಟ್ ಅವರು ಅದನ್ನು ಸಂಪಾದಿಸಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು.

ಹಿಂದಿರುಗುವ ದಾರಿಯಲ್ಲಿ ಚರಿತ್ರೆ ಅಡ್ಡ ಬಂದಿತು. ಜುಲೈಯಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವು ಆರಂಭವಾಗಿ, ಸೆಪ್ಟೆಂಬರಿನ ಹೊತ್ತಿಗೆ ಪ್ಯಾರಿಸ್ ನಗರವೇ ಮುತ್ತಿಗೆಗೆ ಒಳಗಾಗಿತ್ತು. ಫ್ರಾನ್ಸನ್ನು ಹಾಯ್ದು ಮಾರ್ಸೇಲ್ಸಿಗೆ ಹೋಗತಕ್ಕ ರೂಢಿಯ ಮಾರ್ಗ ಪ್ರವಾಸಿಗಳ ಪಾಲಿಗೆ ಉಳಿಯಲಿಲ್ಲ. ಆದಕಾರಣ ಪರಿವಾರವು ಬೆಲ್ಜಿಯಂ, ಜರ್ಮನಿಗಳನ್ನು ಹಾದು, ಆಲ್ಪ್ಸ್ ಪರ್ವತವನ್ನು ದಾಟಿ ಇಟಲಿಗೆ ಇಳಿಯಿತು. ಇಟಲಿಯೂ ಆಗ ಹೊಸತಾಗಿ ಕೂಡಿಕೊಂಡ ದೇಶ. ಸೆಪ್ಟೆಂಬರ್ 20ರಂದು ಅದರ ಸೈನ್ಯವು ರೋಮನ್ನು ಪ್ರವೇಶಿಸಿತ್ತಾದರೂ ರಾಜಧಾನಿಯು ಫ್ಲಾರೆನ್ಸಿನಲ್ಲಿಯೇ ಇತ್ತು. ಆ ರಾಜಧಾನಿಯನ್ನು ಸೇರುವ ವೇಳೆಗೆ ರಾಜಾರಾಮನು ಅಸ್ವಸ್ಥನಾಗಿದ್ದನು. ನವೆಂಬರ್ 30ರಂದು, ಅಲ್ಲಿಯ ಹೋಟೆಲೊಂದರಲ್ಲಿ, ಆತನು ತೀರಿಕೊಂಡನು.

ಈಗ ಪರಿವಾರದವರ ಸ್ಥಿತಿಯನ್ನು ನೆನೆಯಬೇಕು. ಕರವೀರದಲ್ಲಾಗಿದ್ದರೆ ಪಂಚಗಂಗೆಯ ಘಾಟು, ಪೂರ್ವಿಕರ ಸಮಾಧಿಗಳು, ಮಂತ್ರವನ್ನು ಬಲ್ಲ ಪುರೋಹಿತರು, ಅಳುವ ನಗರ. ಇಲ್ಲಿ ಮಾತು ತಿಳಿಯದ ಊರು, ಹಿಮಗಾಳಿಯ ಕಾಲ, ಮೇಲಾಗಿ ಶವವನ್ನು ಸುಡುವ ರೂಢಿಯಾಗಲಿ ಸಾಮಾನ್ಯವಾದ ಅನುಮತಿಯಾಗಲಿ ಇಲ್ಲದ ದೇಶ. ಹಾಗೆಂದು ಆ ನೆಲದಲ್ಲಿ ಚಿತೆ ಉರಿದಿರಲೇ ಇಲ್ಲವೆಂದಲ್ಲ. 1822ರಲ್ಲಿ ಲಿವೋರ್ನೊದಿಂದ ದೋಣಿಯಲ್ಲಿ ಹೊರಟು ಬಿರುಗಾಳಿಗೆ ಸಿಕ್ಕಿ ಮುಳುಗಿದ ಕವಿ ಷೆಲ್ಲಿಯ ದೇಹವನ್ನು ಫ್ಲಾರೆನ್ಸು ಸೇರಿದ ಅದೇ ತಸ್ಕನಿ ಪ್ರಾಂತದ ಕರಾವಳಿಯಲ್ಲಿ, ವಿಯಾರೆಜ್ಜೊದ ಮರಳಿನ ಮೇಲೆ, ಗೆಳೆಯರು ದಹಿಸಿದ್ದರು. ಆದರೆ ಅದು ಕಡಲು ತಂದೆಸೆದ ಶವಗಳ ವಿಷಯದಲ್ಲಿ ಸೋಂಕಿನ ಭಯದಿಂದ ಹುಟ್ಟಿದ ನಿಯಮಗಳಿಗೆ ಅನುಸಾರವಾಗಿ ನಡೆದ ಕಾರ್ಯ. ಧರ್ಮಸಂಸ್ಕಾರವಾಗಿ, ರಾಜಧಾನಿಯ ಅಂಚಿನಲ್ಲಿಯೇ ಚಿತೆಯೊಂದನ್ನು ಕೇಳಿದವರು ಕೊಲ್ಹಾಪುರದವರು. ಬ್ರಿಟಿಷ್ ರಾಯಭಾರಿಗಳ ಮಧ್ಯಸ್ಥಿಕೆಯಿಂದ ವಿಶೇಷಾನುಮತಿ ದೊರೆಯಿತು. ನಗರದ ಪಶ್ಚಿಮಕ್ಕೆ ಆರ್ನೋ ನದಿಯ ದಂಡೆಗುಂಟ ಹಬ್ಬಿರುವ ಕಾಶೀನೆಯೆಂಬ ಉದ್ಯಾನದ ತುದಿಯಲ್ಲಿ ಮುನ್ಯೋನೆ ಎಂಬ ಚಿಕ್ಕ ಹೊಳೆಯು ಆರ್ನೋವನ್ನು ಕೂಡಿಕೊಳ್ಳುತ್ತದೆ. ನದೀಸಂಗಮವೇ ಉಚಿತ ಸ್ಥಳವೆಂದು ಪರಿವಾರದವರು ಆ ಮೂಲೆಯನ್ನು ಆರಿಸಿಕೊಂಡರು. ನಡುರಾತ್ರಿಯ ಅನಂತರ, ಡಿಸೆಂಬರ್ 1ರ ನಸುಕಿನಲ್ಲಿ, ಕಟ್ಟಿಗೆಯನ್ನೊಟ್ಟಿ, ತುಪ್ಪ ಕರ್ಪೂರ ಶ್ರೀಗಂಧಗಳೊಡನೆ ವಿಧಿಯಂತೆ ದಹನಸಂಸ್ಕಾರವನ್ನು ನಡೆಯಿಸಿದರು. ಕೃಷ್ಣೆ ಪಂಚಗಂಗೆಗಳು ಕೂಡುವ ನೃಸಿಂಹವಾಡಿಯನ್ನು ಬಲ್ಲ ಜನ ಪರದೇಶದ ಎರಡು ಅಪರಿಚಿತ ಹೊಳೆಗಳಲ್ಲಿ ತೀರ್ಥವನ್ನು ಕಂಡುಕೊಂಡರು. ಆ ದೇಶದವರೂ ತಮ್ಮ ಮತಕ್ಕೆ ಸಲ್ಲದ ಕಾರ್ಯವೆಂದು ತಡೆಯದೆ ಎಡೆಗೊಟ್ಟರು. ಎರಡೂ ದೊಡ್ಡ ನಡತೆಗಳೇ. ಮುಂದೆ 1876ರಲ್ಲಿ ಮಿಲಾನಿನಲ್ಲಿ ದಹನಾಗಾರವು ತೆರೆದಾಗ, ಶವದಹನವನ್ನು ಕುರಿತು ಆ ದೇಶದಲ್ಲಿ ದೀರ್ಘಕಾಲ ನಡೆದ ವಾದವು ಕಾರ್ಯರೂಪಕ್ಕೆ ಬಂದಂತಾಯಿತು.

ದಹನವಾದ ಸ್ಥಳದಲ್ಲಿ 1874ರಲ್ಲಿ ಒಂದು ಸ್ಮಾರಕವೆದ್ದಿತು. ಫ್ಲಾರೆನ್ಸಿನಲ್ಲಿ ನೆಲೆಸಿದ್ದ ಚಾರ್ಲ್ಸ್ ಫುಲ್ಲರ್ ಎಂಬ ಇಂಗ್ಲಿಷ್ ಶಿಲ್ಪಿಯು ಕಡೆದ ತರುಣನ ಎದೆಮಟ್ಟದ ಪ್ರತಿಮೆ, ರುಮಾಲು ಆಭರಣಗಳೊಡನೆ ಬಣ್ಣ ತಳೆದು, ನಾಲ್ಕು ಕಂಬಗಳ ಛತ್ರಿಯ ಕೆಳಗೆ ಕುಳಿತಿದೆ. ಪೀಠದ ನಾಲ್ಕು ಮುಖಗಳಲ್ಲಿ ನಾಲ್ಕು ಭಾಷೆಗಳ ಬರಹವಿದೆ. ಆ ಛತ್ರಿಯ ವಿನ್ಯಾಸವನ್ನು ರಚಿಸಿದವನು ಚಾರ್ಲ್ಸ್ ಮ್ಯಾಂಟ್. ಕೊಲ್ಹಾಪುರದವರಿಗೆ ಈ ಹೆಸರು ಹೊಸದಲ್ಲ. ಅವರ ಟೌನ್ ಹಾಲನ್ನೂ ಹೊಸ ಅರಮನೆಯನ್ನೂ ರೂಪಿಸಿದ ಇಂಜಿನಿಯರನು ಅವನೇ. ಹೀಗಾಗಿ ಆರ್ನೋ ತೀರದ ಛತ್ರಿಯೂ ಕೊಲ್ಹಾಪುರದ ಟೌನ್ ಹಾಲೂ ಒಂದೇ ಕೈಯ ಕೆಲಸಗಳು.

ಆ ಟೌನ್ ಹಾಲಿನಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಅಲ್ಲಿ ಕಂಚಿನ ಪುಟ್ಟ ವಿಗ್ರಹವೊಂದುಂಟು: ನಗ್ನನಾಗಿ ನಿಂತ, ಗಡ್ಡಧಾರಿಯಾದ, ತ್ರಿಶೂಲವನ್ನು ಕಳೆದುಕೊಂಡ ಕೈಯನ್ನೆತ್ತಿರುವ ಪೊಸೈಡನ್, ರೋಮನರ ನೆಪ್ಚೂನ್, ಅಂದರೆ ಕಡಲಿನ ಅಧಿದೇವತೆ. ಪಂಚಗಂಗೆಯ ದಡದ ಬ್ರಹ್ಮಪುರಿ ದಿಬ್ಬದಲ್ಲಿ ಇತರ ಕಂಚಿನ ವಸ್ತುಗಳೊಡನೆ ಇದು ಸಿಕ್ಕಿತು. ಅನಂತರ 1945-46ರಲ್ಲಿ ಡೆಕ್ಕನ್ ಕಾಲೇಜಿನ ಸಾಂಕಳಿಯಾ, ದೀಕ್ಷಿತರು ಅಲ್ಲಿ ಕ್ರಮಬದ್ಧವಾಗಿ ಉತ್ಖನನ ಮಾಡಿ ಸಾತವಾಹನರ ಕಾಲದ ಪಟ್ಟಣದ ಅವಶೇಷಗಳನ್ನು ಹೊರಗೆಡಹಿದರು. ರಾಜಾರಾಮನು ಹುಟ್ಟುವುದಕ್ಕೆ ಹದಿನಾರು ಹದಿನೇಳು ಶತಮಾನಗಳ ಹಿಂದೆಯೇ ರೋಮನ್ ಲೋಕದ ಕಡಲದೇವರು ಪಡುವಣ ಬಂದರುಗಳಿಂದ ಘಟ್ಟವನ್ನು ಹತ್ತಿ ಈ ಊರಿಗೆ ಬಂದು ಕುಳಿತಿದ್ದನು. ಇಟಲಿಗೆ ಹೋಗುವ ಮೊದಲು ಇವನನ್ನು ಕಾಣದವರ ಸಿದ್ಧತೆ ಅಪೂರ್ಣವೆಂದೇ ನಾನು ಹೇಳುವೆನು.

ರಾಜಾರಾಮನ ಮರಣದಿಂದ ದಾರಿ ಮುಚ್ಚಲಿಲ್ಲ. ಮುಂದೆ ಕೊಲ್ಹಾಪುರವನ್ನಾಳಿದ ಶಾಹೂ ಮಹಾರಾಜರು 1902ರಲ್ಲಿ ಇಂಗ್ಲೆಂಡಿಗೆ ಹೋದರು. ಆಜರೆಯನ್ನೂ ಒಳಗೊಂಡ ಜಹಗೀರಿನ ಒಡೆಯರಾದ ಇಚಲಕರಂಜಿಯ ನಾರಾಯಣರಾವ್ ಬಾಬಾಸಾಹೇಬರು 1913ರಲ್ಲಿ ಯುರೋಪನ್ನು ಸುತ್ತಿ ಬಂದು, ತಮ್ಮ ಅನುಭವಗಳನ್ನು ಮರುವರ್ಷ ಪುಸ್ತಕವಾಗಿ ಪ್ರಕಟಿಸಿದರು. ಕೊಲ್ಹಾಪುರದಲ್ಲಿ ರಾಜಾರಾಮನ ಹೆಸರಿನ ಕಾಲೇಜು ಬೆಳೆಯಿತು. ಅಲ್ಲಿ ಕುಂದಣಗಾರರು ಕನ್ನಡವನ್ನು ಕಲಿಸಿದರು, ಆ. ನೇ. ಉಪಾಧ್ಯೆಯವರು ಪ್ರಾಕೃತವನ್ನು ಕಲಿಸಿದರು, ತಮ್ಮ ವಿದೇಶಯಾತ್ರೆಯನ್ನು ‘ಸಮುದ್ರದಾಚೆಯಿಂದ’ ಎಂಬ ಗ್ರಂಥದಲ್ಲಿ ಕನ್ನಡಿಗರಿಗೆ ಬರೆದುಕೊಟ್ಟ ವಿನಾಯಕ ಗೋಕಾಕರು ಮುಂದೆ ಪ್ರಾಂಶುಪಾಲರಾದರು.

ಆದರೆ ಅರಸರಿಗಿಂತಲೂ ವಿದ್ವಾಂಸರಿಗಿಂತಲೂ ಹೆಚ್ಚಾಗಿ ಇಟಲಿಯನ್ನು ಕಾಲ್ನಡೆಯಿಂದ ಅಳೆದವರು ಸಿಪಾಯಿಗಳು. ಆಜರೆಯಿಂದ ಗಡಹಿಂಗ್ಲಜ, ಸಂಕೇಶ್ವರಗಳ ಮೇಲೆ ಬೆಳಗಾವಿಗೆ ಹೋಗತಕ್ಕ ದಾರಿಯು ಈ ತಾಲೂಕುಗಳ ತರುಣರಿಗೆ ಪಲ್ಟನ್ನಿನ ದಾರಿ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವಿರುವುದು ಬೆಳಗಾವಿಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ, 1943ರ ಸೆಪ್ಟೆಂಬರಿನಲ್ಲಿ ಎಂಟನೆಯ ಇಂಡಿಯನ್ ಡಿವಿಜನ್ ಇಟಲಿಯ ತಾರಾಂತೊ ಬಂದರಿನಲ್ಲಿ ಇಳಿದು, ಆಡ್ರಿಯಾಟಿಕ್ ಕರಾವಳಿಗುಂಟ ಉತ್ತರಕ್ಕೆ ಸಾಗಿ, ಚಳಿಮಳೆಗಳಲ್ಲಿ ಸಾಂಗ್ರೋ ನದಿಯನ್ನು ದಾಟಿತು. ಅದರಲ್ಲಿ ಮರಾಠಾ ಪಡೆಯವರಿದ್ದರು. 1944ರ ಜುಲೈ 10ರಂದು ಟೈಬರ್ ನದಿಯ ಮೇಲ್ಕಣಿವೆಯಲ್ಲಿ ನಾಯಕ್ ಯಶವಂತ ಘಾಡಗೆ, 1945ರ ಏಪ್ರಿಲ್ 9ರಂದು ಸೆನಿಯೋ ನದಿಯ ಏರಿಯ ಮೇಲೆ ಸಿಪಾಯಿ ನಾಮದೇವ ಜಾಧವ ವಿಕ್ಟೋರಿಯಾ ಕ್ರಾಸಿಗೆ ಪಾತ್ರರಾದರು. ಒಬ್ಬನು ಕೊಲಾಬಾ ಜಿಲ್ಲೆಯವನು, ಇನ್ನೊಬ್ಬನು ಅಹಮದನಗರದವನು. ಮೊದಲನೆಯವನು ಆ ದಿನವೇ ಮಡಿದನು.

ಇವೆರಡರ ನಡುವೆ ನಡೆದ ಒಂದು ಸಂಗತಿ ನನ್ನ ಮನಸ್ಸನ್ನು ಬಿಡದೆ ಹಿಡಿದಿದೆ. ಯುದ್ಧದ ಭಯದಿಂದ ಫ್ಲಾರೆನ್ಸಿನ ಉಫೀಚಿ ಸಂಗ್ರಹಾಲಯದ ಚಿತ್ರಗಳನ್ನು ಸುತ್ತಣ ಹಳ್ಳಿಗಳ ಕೋಟೆಮನೆಗಳಿಗೆ ಸಾಗಿಸಿದ್ದರು. 1944ರ ಬೇಸಿಗೆಯಲ್ಲಿ ಅಂತಹ ಒಂದು ಕೋಟೆಮನೆಯಾದ ಮೊಂತೆಗುಫೋನಿಯಲ್ಲಿ ಬೀಡುಬಿಟ್ಟಿದ್ದವರು ಮರಾಠಾ ಬೆಟಾಲಿಯನ್ನಿನವರು. ಎರಿಕ್ ಲಿಂಕ್ಲೇಟರ್ ಎಂಬ ಲೇಖಕನು ಅಲ್ಲಿಗೆ ಹೋದಾಗ ಕೋಣೆಯ ಗೋಡೆಗಳಿಗೆ ಒರಗಿಸಿಟ್ಟಿದ್ದ ಚಿತ್ರಗಳ ನಡುವೆ ಬೊತ್ತಿಚೆಲ್ಲಿಯ ‘ವಸಂತ’ವನ್ನು ಕಂಡು ಬೆರಗಾದನು. ಜಗತ್ತೇ ಇಂದು ಸಾಲುನಿಂತು ನೋಡುವ ಆ ಚಿತ್ರಕ್ಕೆ, ತೋಪುಗಳು ಮೊಳಗುತ್ತಿದ್ದ ಆ ದಿನಗಳಲ್ಲಿ, ನಮ್ಮ ಕಡೆಯ ಪಲ್ಟನ್ನಿನವರು ನೆರೆಹೊರೆಯಾಗಿದ್ದರು.

ಮಡಿದವರಲ್ಲಿ ಹಿಂದೂಗಳನ್ನೂ ಸಿಖ್ಖರನ್ನೂ ಅವರವರ ಧರ್ಮದಂತೆ ದಹಿಸಲಾಯಿತು. 1870ರಲ್ಲಿ ಒಂದು ಚಿತೆಗೆ ವಿಶೇಷಾನುಮತಿಯನ್ನು ಬೇಡಬೇಕಾಗಿದ್ದ ದೇಶದಲ್ಲಿ, ಮುಂದೆ, ಸಾಂಗ್ರೋ ತೀರದ ಸ್ಮಶಾನದಲ್ಲಿ ಐನೂರಕ್ಕೆ ಮಿಕ್ಕಿದ, ಫೋರ್ಲಿಯಲ್ಲಿ ಎಂಟುನೂರರ ಸಮೀಪದ ಭಾರತೀಯ ಯೋಧರ ಹೆಸರುಗಳನ್ನು ಹೊತ್ತ ದಹನಸ್ಮಾರಕಗಳು ನಿಂತವು, ರಿಮಿನಿಯಲ್ಲಿ ಮೂರನೆಯದೊಂದುಂಟು.

ಆದುದರಿಂದ ಈ ಸೀಮೆಯಿಂದ ಮೊದಲ ಬಾರಿ ಹೊರಡುವವರು ವೆನಿಸ್‌ನಿಂದ ಫ್ಲಾರೆನ್ಸಿಗೆ ಬರುವ ದಾರಿಯಲ್ಲಿ ಬೊಲೋನ್ಯದಲ್ಲಿ ಇಳಿದು, ರಿಮಿನಿಯ ಕಡೆಗೆ ಹೋಗುವ ರೈಲಿನಲ್ಲಿ ಫೋರ್ಲಿಗೆ ಹೋಗಿ ಬರಲಿ. ಅರ್ಧ ದಿನ ಸಾಕು. ಫ್ಲಾರೆನ್ಸಿನಲ್ಲಿ ಉಫೀಚಿಗೆಂದು ಬೆಳಗನ್ನು ಇಟ್ಟುಕೊಂಡವರು ಸಂಜೆಯನ್ನು ಕಾಶೀನೆಗೆ ಕೊಡಲಿ. ಉದ್ಯಾನವು ಮೂರು ಕಿಲೋಮೀಟರಿಗೂ ಮಿಕ್ಕಿದ ಉದ್ದವಾದ್ದರಿಂದ ವೃದ್ಧರಿದ್ದರೆ ವಾಹನವೇ ಲೇಸು. ಸ್ಮಾರಕದ ಹತ್ತಿರ 1978ರಲ್ಲಿ ತೆರೆದ ದೊಡ್ಡ ಸೇತುವೆಗೂ ‘ಭಾರತೀಯನ ಸೇತುವೆ’ಯೆಂದೇ ಹೆಸರಿಟ್ಟಿರುವುದರಿಂದ ದಾರಿ ಕೇಳುವುದು ಕಷ್ಟವಾಗದು. ಕಡಲಿಗೆಂದು ಮೀಸಲಿಟ್ಟ ಎರಡು ದಿನಗಳನ್ನು ನೇಪಲ್ಸಿನ ದಕ್ಷಿಣದ ಪ್ರಸಿದ್ಧ ತೀರಕ್ಕೆ ಬದಲಾಗಿ ಆಡ್ರಿಯಾಟಿಕ್ ಕಡೆಗೆ ಕೊಡುವುದಾದರೆ ಸಾಂಗ್ರೋ ಆ ದಾರಿಯಲ್ಲಿಯೇ ಇದೆ. ಅಲ್ಲಿಯ ಕಲ್ಲಿನ ಮೇಲಿನ ಹೆಸರುಗಳನ್ನು ಓದಲು ಒಂದು ಇಡೀ ಮುಂಜಾನೆ ಬೇಕು.