ಕೋಗಳಿಯ ಬಸದಿ ಮತ್ತು ಅವಮೌದರ್ಯ

ಕೂಡ್ಲಿಗಿಗೆ ನೆರೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಒಂದು ಕಾಲಕ್ಕೆ ‘ಕೋಗಳಿ 500’ ನಾಡಿನ ಕೇಂದ್ರ. ಅಲ್ಲಿನ ಬಸದಿಯನ್ನು ಗಂಗದೊರೆ ದುರ್ವಿನೀತನು ಮಾಡಿಸಿದನೆಂದು 11ನೆಯ ಶತಮಾನದ ಶಾಸನವು ಹೇಳುತ್ತದೆ. ಅವನ ಗುರು ಪೂಜ್ಯಪಾದರೆಂಬುದು ಪರಂಪರೆಯ ನಂಬಿಕೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಚರ್ಚೆ ಹಾಗಿರಲಿ. ವೈಯಾಕರಣರೂ ವೈದ್ಯರೂ ಎಂದು ಖ್ಯಾತರಾದ ಪೂಜ್ಯಪಾದರು ಆಹಾರವನ್ನು ಕುರಿತು ಹೇಳಿದ ಮಾತು ಗಮನಾರ್ಹ.

ತತ್ತ್ವಾರ್ಥಸೂತ್ರಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ಯಲ್ಲಿ ಅವರು ಆರು ಬಾಹ್ಯತಪಗಳ ಪ್ರಯೋಜನವನ್ನು ವಿವರಿಸುತ್ತಾರೆ. ಎರಡನೆಯದು ಅವಮೌದರ್ಯ, ಎಂದರೆ ಹೊಟ್ಟೆ ತುಂಬುವ ಮುನ್ನವೇ ಊಟ ನಿಲ್ಲಿಸುವುದು. ಪುರುಷನ ಪೂರ್ಣಾಹಾರ 32 ತುತ್ತೆಂದು ಮೂಲಾಚಾರದ ಲೆಕ್ಕ; ಅದಕ್ಕಿಂತ ಕಡಿಮೆ ಉಣ್ಣುವುದೇ ಈ ತಪ. ಏತಕ್ಕಾಗಿ? ಸಂಯಮ, ಎಚ್ಚರ, ದೋಷಶಮನ, ಸಂತೋಷ, ಸ್ವಾಧ್ಯಾಯಗಳಿಗಾಗಿ. ಇಲ್ಲಿ ‘ಸಂತೋಷ’ವೆಂದರೆ ನಲಿವಲ್ಲ, ತೃಪ್ತಿ. ದೇಹದಂಡನೆಯ ಮಾತೇ ಇಲ್ಲ. ಕಾಯಕ್ಲೇಶ ಆ ಪಟ್ಟಿಯಲ್ಲಿ ಬೇರೆಯೇ ಇದೆ. ಹೊಟ್ಟೆಯ ಹಗುರವನ್ನು ಮನಸ್ಸಿನ ತಿಳಿವಿಗೆ ನೇರವಾಗಿ ಜೋಡಿಸಿದ್ದು ಈ ವ್ಯಾಖ್ಯಾನದ ವಿಶೇಷ.

ದೇಹದ ಸೆರೊಟೋನಿನ್ನಿನಲ್ಲಿ ಸುಮಾರು 90 ಪಾಲು ಕರುಳಿನಲ್ಲೇ ಹುಟ್ಟುತ್ತದೆಂದು ಇಂದಿನ ವಿಜ್ಞಾನ ಹೇಳುತ್ತದೆ. ಅದು ರಕ್ತದ ಮೂಲಕ ಮಿದುಳನ್ನು ಹೊಗಲಾರದು. ಕರುಳಿನ ಸುದ್ದಿಯನ್ನು ಮುಟ್ಟಿಸುವ ದಾರಿಗಳಲ್ಲಿ ವೇಗಸ್ ನರ ಮುಖ್ಯವಾದುದು. ಇದನ್ನೆಲ್ಲ ಪ್ರಾಚೀನರು ಬಲ್ಲವರಾಗಿದ್ದರೆನ್ನುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಅವರದು ದೀರ್ಘಕಾಲದ ಅವಲೋಕನ. ಚರಕಸಂಹಿತೆಯಲ್ಲಿಯೂ ಈ ನಂಟಿಗೆ ಎರಡು ಮುಖಗಳಿವೆ: ವಿರುದ್ಧವೂ ಕೆಟ್ಟದ್ದೂ ಆದ ಆಹಾರ ಉನ್ಮಾದದ ಕಾರಣಗಳಲ್ಲೊಂದು, ಚಿಂತೆ, ಶೋಕ, ಭಯ, ಕ್ರೋಧಗಳಿದ್ದರೆ ಮಿತವಾಗಿ ಉಂಡ ಪಥ್ಯವೂ ಜೀರ್ಣವಾಗದು.